ಗೌಡರೂ ಅವರೇ, ಪಾಟೀಲರೂ ಅವರೇ

ರಾಯಬಾಗ, ಚಿಕ್ಕೋಡಿ, ಅಥಣಿ, ನಿಪ್ಪಾಣಿ, ಕಾಗವಾಡ ಸೀಮೆಯ ಯಾವುದೇ ಊರಿನ ಮತದಾರರ ಯಾದಿಯನ್ನು ತೆರೆದು ನೋಡಿದರೂ ಒಂದು ಬಗೆಯ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಬಾಳಗೌಡ ಪಾಟೀಲ, ಭೀಮಗೌಡ ಪಾಟೀಲ, ಕಲಗೌಡ ಪಾಟೀಲ, ಶಿವಗೌಡ ಪಾಟೀಲ. ಈ ಭಾಗದವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಬೆಂಗಳೂರು ಕಡೆಯವರು ಮಾತ್ರ, 'ಇವರು ಗೌಡರೋ ಪಾಟೀಲರೋ?' ಎಂದು ಕೇಳುವುದುಂಟು. ಉತ್ತರ ಸರಳವಾಗಿದೆ: ಎರಡೂ ಹೌದು. ಏಕೆಂದರೆ ಎರಡೂ ಒಂದೇ.

ಗೌಡ ಎಂದರೆ ಊರಿನ ಮುಖ್ಯಸ್ಥ. ಪಾಟೀಲ ಎಂದರೂ ಊರಿನ ಮುಖ್ಯಸ್ಥ. ಮೊದಲನೆಯದು ಕನ್ನಡದ ಮಾತು, ಎರಡನೆಯದು ಮರಾಠಿಯ ಮೂಲಕ ಬಂದದ್ದು. ಅಂದರೆ ಭೀಮಗೌಡ ಪಾಟೀಲ ಎಂಬ ಹೆಸರಿನಲ್ಲಿ ಒಂದೇ ಹುದ್ದೆ ಎರಡು ಭಾಷೆಗಳಲ್ಲಿ ಎರಡು ಸಲ ಬರೆಯಲ್ಪಟ್ಟಿದೆ. ಹೀಗೇಕಾಯಿತು ಎಂದು ಹುಡುಕುತ್ತ ಹೋದರೆ ಈ ಸೀಮೆಯ ಸಾವಿರ ವರ್ಷಗಳ ಆಡಳಿತದ ಕಥೆ ಬಿಚ್ಚಿಕೊಳ್ಳುತ್ತದೆ. ಅಡ್ಡಹೆಸರನ್ನು ನೋಡಿ ಜಾತಿಯನ್ನೂ ಭಾಷೆಯನ್ನೂ ಅಳೆಯುವ ನಮ್ಮ ರೂಢಿ ಎಷ್ಟು ಅಪಾಯಕಾರಿ ಎಂಬುದೂ ಅದರಿಂದ ತಿಳಿಯುತ್ತದೆ.

ಗಾಮುಂಡನಿಂದ ಗೌಡನವರೆಗೆ

ಗೌಡ ಶಬ್ದ ಬಹಳ ಹಳೆಯದು. ಬಾದಾಮಿ ಚಾಲುಕ್ಯರ ಕಾಲದ ಶಾಸನಗಳಲ್ಲಿಯೇ 'ಗಾಮುಂಡ' ಎಂಬ ರೂಪ ಕಾಣಿಸಿಕೊಳ್ಳುತ್ತದೆ. ಮುಂದೆ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಸವದತ್ತಿಯ ರಟ್ಟರು ಇವರ ಕಾಲದ ಶಾಸನಗಳಲ್ಲಿ ಅದು 'ಗಾವುಂಡ' ಆಗುತ್ತದೆ. ಕ್ರಮೇಣ ಗೌಂಡ, ಗವುಡ, ಗೌಡ ಎಂದು ಸವೆಯುತ್ತದೆ. ಶಬ್ದದ ಮೊದಲ ಭಾಗದಲ್ಲಿ ಇರುವುದು ಸಂಸ್ಕೃತದ 'ಗ್ರಾಮ' ಎಂಬುದು ಬಹುಮಟ್ಟಿಗೆ ಒಪ್ಪಿತವಾದ ಮಾತು. ಎರಡನೆಯ ಭಾಗದ ಬಗೆಗೆ ವಿದ್ವಾಂಸರಲ್ಲಿ ಹಲವು ಅಭಿಪ್ರಾಯಗಳಿವೆ. ತಮಿಳುನಾಡಿನ ಕೊಂಗು ಸೀಮೆಯ 'ಗೌಂಡರ್' ಎಂಬುದೂ ಇದೇ ಬಳ್ಳಿಯ ಕಾಯಿ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ಬಂಗಾಲದ ಗೌಡದೇಶಕ್ಕೂ ನಮ್ಮ ಊರಗೌಡನಿಗೂ ಸಂಬಂಧವಿಲ್ಲ. ಗೌಡ ಸಾರಸ್ವತ ಎನ್ನುವಾಗಿನ 'ಗೌಡ' ಬೇರೆ ಮೂಲದ ಶಬ್ದ. ಬರೆಯುವಾಗ ಎರಡೂ ಒಂದೇ ಆಗಿ ಕಂಡರೂ ಬೇರುಗಳು ಬೇರೆ ಬೇರೆ.

ಶಾಸನಗಳ ಗಾವುಂಡ ಬರಿಯ ಕರವಸೂಲಿಗಾರನಲ್ಲ. ದಾನ ಕೊಡುವಾಗ ಸಾಕ್ಷಿಯಾಗಿ ನಿಲ್ಲುವವನು ಅವನು. ಕೆರೆಗೆ, ಬಸದಿಗೆ, ದೇಗುಲಕ್ಕೆ ಭೂಮಿ ಬಿಡುವಾಗ ಎಲ್ಲೆ ತೋರಿಸುವವನು ಅವನು. ಊರ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಕಾದಿ ಮಡಿದು ವೀರಗಲ್ಲಾದ ಗಾವುಂಡರೂ ಇದ್ದಾರೆ. ಒಂದು ಊರಿಗೆ ಊರಗಾವುಂಡನಿದ್ದಂತೆ ಹಲವು ಊರುಗಳ ನಾಡಿಗೆ 'ನಾಳ್ಗಾವುಂಡ'ನಿದ್ದ. ಇಂದು ನಾವು ಕೇಳುವ 'ನಾಡಗೌಡ' ಎಂಬ ಅಡ್ಡಹೆಸರು ಈ ಹುದ್ದೆಯದೇ ನೆನಪು.

ಈ ಹುದ್ದೆ ಗಂಡಸರ ಸೊತ್ತೇ ಆಗಿತ್ತೆಂದೂ ಹೇಳುವಂತಿಲ್ಲ. ರಾಷ್ಟ್ರಕೂಟ ದೊರೆ ಎರಡನೆಯ ಕೃಷ್ಣನ ಕಾಲದಲ್ಲಿ, ಅಂದರೆ 10ನೆಯ ಶತಮಾನದ ಆರಂಭದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ. ಆಗ ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ಈಗಿನ ಶಿವಮೊಗ್ಗ ಜಿಲ್ಲೆಯ ಬಂದಳಿಕೆಯ ಪರಿಸರದಲ್ಲಿ ಆಕೆ ಆಡಳಿತ ನಡೆಸಿದಳು. ಕಾಯಿಲೆಯಾದಾಗ ಅಧಿಕಾರವನ್ನು ಮಗಳಿಗೊಪ್ಪಿಸಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬ್ರಿಟಿಷರ ಕಾನೂನಿನ ಪ್ರಸ್ತಾಪ ಬಂದಾಗ ಇದು ಬೇಕಾಗುತ್ತದೆ.

ಪಟ್ಟಕಿಲನ ಪಯಣ

ಇನ್ನು ಪಾಟೀಲ. ಇದರ ಹಳೆಯ ರೂಪ 'ಪಟ್ಟಕಿಲ'. ಮಾಳವದ ಪರಮಾರ ಅರಸರ 10 ಮತ್ತು 11ನೆಯ ಶತಮಾನದ ತಾಮ್ರಶಾಸನಗಳಲ್ಲಿ ದಾನದ ಊರಿನ ಜನರನ್ನು ಉದ್ದೇಶಿಸಿ ಮಾತನಾಡುವಾಗ ಈ ಶಬ್ದ ಬರುತ್ತದೆ. ಪಟ್ಟ ಎಂದರೆ ಬಟ್ಟೆಯ ಪಟ್ಟಿ, ಲೋಹದ ತಗಡು. ಅದರ ಮೇಲೆ ಬರೆದ ರಾಜಪತ್ರಕ್ಕೂ ಅದೇ ಹೆಸರು. ಜಮೀನಿನ ಪಟ್ಟೆ ಎನ್ನುವಾಗ ನಾವು ಇಂದಿಗೂ ಆ ಅರ್ಥವನ್ನೇ ಬಳಸುತ್ತೇವೆ. ಊರಿನ ಪಟ್ಟೆ ಯಾರ ಕೈಯಲ್ಲಿತ್ತೋ, ಯಾರ ಮಾತಿನ ಮೇಲೆ ಭೂಮಿಯ ಲೆಕ್ಕ ನಿಂತಿತ್ತೋ ಅವನು ಪಟ್ಟಕಿಲ.

ಈ ಶಬ್ದ ಪ್ರಾಕೃತದಲ್ಲಿ ಸವೆದು ಮರಾಠಿಯಲ್ಲಿ ಪಾಟೀಲ ಆಯಿತು. ಗುಜರಾತಿನಲ್ಲಿ ಪಟೇಲ ಆಯಿತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿಯೂ ಊರ ಮುಖಂಡನಿಗೆ ಪಟೇಲನೆಂದೇ ಹೆಸರು. 1996ರಿಂದ 1999ರವರೆಗೆ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಗುಜರಾತಿನವರಲ್ಲ, ದಾವಣಗೆರೆ ಕಡೆಯ ಕಾರಿಗನೂರಿನವರು. 1968ರಲ್ಲಿ ಮೊದಲ ಸಲ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರು ಕಲಬುರ್ಗಿ ಜಿಲ್ಲೆಯವರು. ಇಬ್ಬರ ಅಡ್ಡಹೆಸರೂ ಒಂದೇ ಶಬ್ದದ ಎರಡು ಉಚ್ಚಾರಗಳು.

ಗೌಡ, ಪಾಟೀಲರ ನಡುವೆ ಇನ್ನೊಂದು ಶಬ್ದವೂ ಈ ಸೀಮೆಗೆ ಬಂದು ಹೋಯಿತು. ವಿಜಾಪುರದ ಆದಿಲಶಾಹಿಯ ದಫ್ತರದ ಭಾಷೆ ಫಾರಸಿ. ಆ ಕಾಗದಪತ್ರಗಳಲ್ಲಿ ಊರ ಮುಖ್ಯಸ್ಥನಿಗೆ 'ಮುಕದ್ದಮ' ಎನ್ನುತ್ತಿದ್ದರು. ಮುಂದೆ ನಿಲ್ಲುವವನು ಎಂಬುದು ಈ ಅರಬ್ಬೀ ಶಬ್ದದ ಅರ್ಥ. ಆದಿಲಶಾಹಿ 1686ರಲ್ಲಿ ಮುಗಿಯಿತು, ಆದರೆ ಶಬ್ದ ಸಾಯಲಿಲ್ಲ. ಕೃಷ್ಣಾ ದಂಡೆಯ ಕಬ್ಬಿನ ಗದ್ದೆಗಳಿಗೆ ಸುಗ್ಗಿಯಲ್ಲಿ ಕಬ್ಬು ಕಡಿಯುವ ಟೋಳಿ ಕರೆತರುವವನಿಗೆ ಇಂದು 'ಮುಕಾದಮ' ಎನ್ನುತ್ತೇವಲ್ಲ, ಅದು ಇದೇ ಮಾತು. ಊರಿನ ಯಜಮಾನಿಕೆಯ ಶಬ್ದ ಕೂಲಿಗಾರರ ಟೋಳಿಯ ಯಜಮಾನಿಕೆಗೆ ಇಳಿದಿದೆ.

ಊರ ಮಾತು, ದಫ್ತರದ ಮಾತು

ಆದಿಲಶಾಹಿಯ ಬಳಿಕ ಮೊಗಲರು, ಅನಂತರ ಮರಾಠರು ಈ ಸೀಮೆಯನ್ನು ಆಳಿದರು. ಮರಾಠರ ಕಾಲದಲ್ಲಿ ಲೆಕ್ಕಪತ್ರವೆಲ್ಲ ಮೋಡಿ ಲಿಪಿಯ ಮರಾಠಿಗೆ ತಿರುಗಿತು. ಊರಿನ ಲೆಕ್ಕ ಬರೆಯುವವನು ಕುಲಕರ್ಣಿ. ಇಲ್ಲಿ 'ಕುಲ' ಎಂದರೆ ಜಾತಿಯಲ್ಲ. ಸರಕಾರಕ್ಕೆ ಕಂದಾಯ ಕೊಡುವ ಒಕ್ಕಲು, ಅದರ ಹಿಡುವಳಿ. 'ಕರಣ' ಎಂದರೆ ಬರಹಗಾರಿಕೆ. ಒಕ್ಕಲುಗಳ ಲೆಕ್ಕ ಬರೆಯುವವನೇ ಕುಲಕರ್ಣಿ. ಹಳೆಯ ಶಾಸನಗಳ ಸೇನಬೋವ, ಮೈಸೂರಿನ ಶಾನುಭೋಗ ಇದೇ ಕೆಲಸದವರು. ಪಾಟೀಲನಿಗೆ ಕೈಕೆಳಗಿನ ಸಹಾಯಕನಾಗಿ ಚೌಗುಲೆ ಇದ್ದ. ಅಥಣಿ, ರಾಯಬಾಗ, ಚಿಕ್ಕೋಡಿಗಳಲ್ಲಿ ಚೌಗುಲೆ ಮನೆತನಗಳು ಇಷ್ಟೊಂದು ಇರುವುದಕ್ಕೆ ಇದೇ ಕಾರಣ. ಊರಿನ ಮೇಲೆ, ಪರಗಣೆಯ ಮಟ್ಟದಲ್ಲಿ ದೇಸಾಯಿ ಮತ್ತು ದೇಶಪಾಂಡೆ ಇದ್ದರು.

ಹೀಗೆ ಊರಿನಲ್ಲಿ ಆಡುವ ಮಾತು ಒಂದು, ದಫ್ತರದಲ್ಲಿ ಬರೆಯುವ ಮಾತು ಇನ್ನೊಂದು ಆಯಿತು. ಬಾಗಿಲಿಗೆ ಬಂದ ರೈತ, 'ಗೌಡ್ರ, ಮನ್ಯಾಗ ಅದೀರೇನ್ರಿ?' ಎಂದೇ ಕೂಗಿದ. ಗೌಡರ ಹೆಂಡತಿಗೆ ಗೌಡಸಾನಿ ಎಂದೇ ಅಂದ. ಮನೆಯಲ್ಲಿ ಮಗು ಹುಟ್ಟಿದಾಗ ಅಜ್ಜನ ಹೆಸರಿಗೆ ಗೌಡ ಸೇರಿಸಿಯೇ ತೊಟ್ಟಿಲಿಗೆ ಹಾಕಿದರು. ಆದರೆ ಕುಲಕರ್ಣಿ ಅದೇ ಮನುಷ್ಯನ ಹೆಸರನ್ನು ಖಾತೆಯಲ್ಲಿ ಬರೆಯುವಾಗ ಮುಂದೆ 'ಪಾಟೀಲ' ಎಂದು ಬರೆದ. ಗೌಡ ಎಂಬುದು ಊರು ಕೊಟ್ಟ ಹೆಸರು, ಪಾಟೀಲ ಎಂಬುದು ದಫ್ತರ ಕೊಟ್ಟ ಹೆಸರು. ಹುದ್ದೆ ಒಂದೇ ಆದರೂ ಒಂದು ಹೆಸರಿನೊಳಗೆ ಹೊಕ್ಕಿತು, ಇನ್ನೊಂದು ಹೆಸರಿನ ಹಿಂದೆ ನಿಂತಿತು.

ಇದಕ್ಕೆ ಈ ಸೀಮೆಯದೇ ಒಂದು ಉತ್ತಮ ಉದಾಹರಣೆ ಇದೆ. ನಿಪ್ಪಾಣಿ ತಾಲೂಕಿನಲ್ಲಿ ದೂಧಗಂಗಾ ವೇದಗಂಗಾ ನದಿಗಳು ಕೂಡುವಲ್ಲಿ ಭೋಜ ಎಂಬ ಊರಿದೆ. 20ನೆಯ ಶತಮಾನದಲ್ಲಿ ದಿಗಂಬರ ಜೈನ ಮುನಿಪರಂಪರೆಗೆ ಮತ್ತೆ ಜೀವ ತುಂಬಿದವರೆಂದು ದೇಶವೆಲ್ಲ ಗೌರವಿಸುವ ಆಚಾರ್ಯ ಶಾಂತಿಸಾಗರರು (1872-1955) ಈ ಊರಿನ ಪಾಟೀಲ ಮನೆತನದವರು. ಪೂರ್ವಾಶ್ರಮದಲ್ಲಿ ಅವರ ಹೆಸರು ಸಾತಗೌಡ. ತಂದೆ ಭೀಮಗೌಡ ಪಾಟೀಲರು. ದೀಕ್ಷೆ ಪಡೆದ ದಿನ ಅವರು ಬಟ್ಟೆ, ಮನೆ, ಹೊಲಗಳ ಜೊತೆಗೆ ಈ ಹೆಸರನ್ನೂ ಬಿಟ್ಟರು. ಊರು ಕೊಟ್ಟ ಗೌಡಿಕೆಯೂ ದಫ್ತರ ಕೊಟ್ಟ ಪಾಟೀಲಕಿಯೂ ಒಂದೇ ದಿನ ಕಳಚಿಬಿದ್ದವು.

ಗಡಿಯಾಚೆಯ ಇನ್ನೊಂದು ಹೆಸರನ್ನು ನೋಡೋಣ. ಮಹಾರಾಷ್ಟ್ರದಲ್ಲಿ ಬಡ ಮಕ್ಕಳ ಶಿಕ್ಷಣಕ್ಕಾಗಿ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಕರ್ಮವೀರ ಭಾವುರಾವ ಪಾಟೀಲರು (1887-1959) ಹುಟ್ಟಿದ್ದು ಕೊಲ್ಲಾಪುರ ಜಿಲ್ಲೆಯ ಕುಂಭೋಜದಲ್ಲಿ. ಅವರ ಪೂರ್ಣ ಹೆಸರು ಭಾವುರಾವ ಪಾಯಗೊಂಡ ಪಾಟೀಲ. ತಂದೆಯ ಹೆಸರಿನ ಕೊನೆಯಲ್ಲಿರುವ ಈ 'ಗೊಂಡ' ಏನು? ಅದು ನಮ್ಮ ಗಾವುಂಡನೇ. ಕೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಜೈನ, ಲಿಂಗಾಯತ ಮನೆಗಳಲ್ಲಿ ಬಾಳಗೊಂಡ, ಅಣ್ಣಾಗೊಂಡ ಮುಂತಾದ ಹೆಸರುಗಳು ಇಂದಿಗೂ ಕೇಳಿಬರುತ್ತವೆ. ನಾವು ಕನ್ನಡದಲ್ಲಿ ಗಾವುಂಡನ ಅನುಸ್ವಾರವನ್ನು ಕಳೆದುಕೊಂಡು ಗೌಡ ಎಂದೆವು. ಮರಾಠಿ ಆಡುವ ಮನೆಗಳು ಅದನ್ನು ಉಳಿಸಿಕೊಂಡು ಗೊಂಡ ಎಂದವು. ಶಾಸನದ ಉಚ್ಚಾರಕ್ಕೆ ಹತ್ತಿರವಾಗಿರುವವರು ಗಡಿಯಾಚೆಯವರೇ ಎಂಬುದು ಮೋಜಿನ ಸಂಗತಿ.

ಹುದ್ದೆ ಹೆಸರಾಗುವ ಬಗೆ

ಹುದ್ದೆಯೊಂದು ಮನೆತನದ ಹೆಸರಾಗುವುದು ನಮ್ಮಲ್ಲಿ ಮಾತ್ರ ಅಲ್ಲ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ 'ಮ್ಯಾಕ್' ಎಂದರೆ ಮಗ, 'ತೋಶಖ್' ಎಂದರೆ ಮುಖಂಡ. ಮುಖಂಡನ ಮಗ ಎಂಬುದೇ ಮ್ಯಾಕಿಂತೋಷ್ ಎಂಬ ಮನೆತನದ ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಗೌಡರ ಮಗ. ಮಳೆಯ ಕೋಟಿಗೆ ಆ ಹೆಸರು ಬಂದದ್ದು ಅದನ್ನು ಕಂಡುಹಿಡಿದ ಚಾರ್ಲ್ಸ್ ಮ್ಯಾಕಿಂತೋಷ್‌ನಿಂದ. ಐರ್ಲೆಂಡಿನಲ್ಲಿ ಪ್ರಧಾನಮಂತ್ರಿಗೆ ಇಂದಿಗೂ ಇದೇ ಮೂಲದ ಶಬ್ದವನ್ನು ಬಳಸುತ್ತಾರೆ. ಸ್ಕಾಟ್ಲೆಂಡಿನ ಅರಮನೆಯ ಉಗ್ರಾಣ, ಮನೆವಾರ್ತೆಗಳನ್ನು ವಂಶಪಾರಂಪರ್ಯವಾಗಿ ನೋಡಿಕೊಳ್ಳುತ್ತಿದ್ದ ಸ್ಟೀವರ್ಡ್ ಮನೆತನ 1371ರಲ್ಲಿ ಸಿಂಹಾಸನವನ್ನೇ ಏರಿ ಸ್ಟುವರ್ಟ್ ರಾಜವಂಶವಾಯಿತು.

ನಮ್ಮ ಪಾಟೀಲನಿಗೆ ಇನ್ನೂ ಹತ್ತಿರದವನು ಜರ್ಮನಿಯ ಶುಲ್ಟ್ಸ್. ಹಳ್ಳಿಯ ಮುಖ್ಯಸ್ಥನಿಗೆ ಅಲ್ಲಿ 'ಶುಲ್ಟ್‌ಹೈಸ್' ಎನ್ನುತ್ತಿದ್ದರು. ಸಲ್ಲಬೇಕಾದ ಬಾಕಿಯನ್ನು ಕಟ್ಟು ಎಂದು ಆಜ್ಞೆ ಮಾಡುವವನು ಎಂಬುದು ಅದರ ಅರ್ಥ. ಆ ಹುದ್ದೆ ಹೋಗಿ ಎಷ್ಟೋ ಕಾಲವಾಗಿದ್ದರೂ ಶುಲ್ಟ್ಸ್ ಎಂಬ ಹೆಸರಿನವರು ಜರ್ಮನಿಯ ತುಂಬ ಇದ್ದಾರೆ. ನಮ್ಮ ಭಾಗದ ಪಾಟೀಲರ ಸ್ಥಿತಿಯೂ ಅದೇ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಊರಿಗೆ ಒಬ್ಬನೇ ಪಾಟೀಲನಾದರೆ, ಕೆಲವು ಊರುಗಳಲ್ಲಿ ಪಾಟೀಲರ ಓಣಿಯೇ ಇರುವುದು ಹೇಗೆ? ಇದಕ್ಕೆ ಉತ್ತರ 'ವತನ' ಎಂಬ ಪದ್ಧತಿಯಲ್ಲಿದೆ. ಪಾಟೀಲಕಿ ಕೇವಲ ನೌಕರಿಯಾಗಿರಲಿಲ್ಲ, ಮನೆತನದ ಆಸ್ತಿಯಾಗಿತ್ತು. ಅದಕ್ಕೆ ಉಂಬಳಿಯ ಭೂಮಿ ಇತ್ತು. ಅದರ ಜೊತೆಗೆ ಮಾನಪಾನಗಳಿದ್ದವು: ಹೋಳಿಗೆ ಮೊದಲ ಬೆಂಕಿ, ಬನ್ನಿ ಮುಡಿಯುವಾಗ ಮೊದಲ ಸ್ಥಾನ, ಜಾತ್ರೆಯಲ್ಲಿ ಮೊದಲ ಕಾಯಿ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡಂತೆ ಇವನ್ನೂ ಹಂಚಿಕೊಳ್ಳುತ್ತಿದ್ದರು. ಈ ಪಾಲಿಗೆ 'ತಕ್ಷೀಮು' ಎಂದು ಹೆಸರು. ಒಂದು ತಕ್ಷೀಮಿನವರ ಸರದಿ ಮುಗಿದ ಮೇಲೆ ಇನ್ನೊಂದು ತಕ್ಷೀಮಿನವರು ಕೆಲಸ ನೋಡುತ್ತಿದ್ದರು. ಕೆಲಸ ಮಾಡುವವನು ಒಬ್ಬನಾದರೂ ಹಕ್ಕು ಇಡೀ ಭಾವುಬಂದಕಿಯದು. ಆದ್ದರಿಂದ ಹೆಸರೂ ಎಲ್ಲರದಾಯಿತು.

ಈ ಹೆಸರನ್ನು ಗಟ್ಟಿಗೊಳಿಸಿದ್ದು ಬ್ರಿಟಿಷರ ಕಾನೂನು. 1874ರ ಮುಂಬಯಿ ವಂಶಪರಂಪರೆಯ ಹುದ್ದೆಗಳ ಕಾಯಿದೆ, ಅಂದರೆ ಜನ 'ವತನ ಕಾಯಿದೆ' ಎಂದು ಕರೆದದ್ದು, ಯಾವ ಮನೆತನಕ್ಕೆ ಯಾವ ವತನ, ಅದರಲ್ಲಿ ಯಾರು ಪ್ರಮುಖ ವತನದಾರರು ಎಂಬುದನ್ನು ದಾಖಲು ಮಾಡಿಸಿತು. ವತನದ ಭೂಮಿ ಸರಕಾರದ ಅನುಮತಿ ಇಲ್ಲದೆ ವತನದಾರರ ಹೊರಗೆ ಹೋಗುವಂತಿರಲಿಲ್ಲ. ಇಂಥ ಸ್ಥಿತಿಯಲ್ಲಿ 'ಪಾಟೀಲ' ಎಂದು ಬರೆಸಿಕೊಳ್ಳುವುದು ಬರಿಯ ಪ್ರತಿಷ್ಠೆಯ ಮಾತಾಗಿ ಉಳಿಯಲಿಲ್ಲ, ಹಕ್ಕಿನ ಗುರುತಾಯಿತು. ಶಾಲೆಯ ದಾಖಲೆ, ಕೋರ್ಟಿನ ಕಾಗದ, ಹೊಲದ ಉತಾರ ಎಲ್ಲದರಲ್ಲಿಯೂ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮುಂಬಯಿ ಪ್ರಾಂತದ ಕ್ರಮ ನಿಂತುಬಿಟ್ಟಿತು. ಮೈಸೂರಿನವರು ಊರು, ತಂದೆಯರ ಹೆಸರಿನ ಮೊದಲಕ್ಷರಗಳಲ್ಲಿ ಕೆಲಸ ಮುಗಿಸುತ್ತಿದ್ದಾಗ ಇಲ್ಲಿಯವರಿಗೆ ಅಡ್ಡಹೆಸರು ಕಡ್ಡಾಯವಾದದ್ದು ಹೀಗೆ.

ಅದೇ ಕಾನೂನಿಗೆ 1886ರಲ್ಲಿ ಒಂದು ತಿದ್ದುಪಡಿ ಬಂತು. ಕೊನೆಯ ವತನದಾರನ ವಿಧವೆಯನ್ನು ಬಿಟ್ಟು ಮನೆತನದ ಉಳಿದ ಹೆಣ್ಣುಮಕ್ಕಳಾರಿಗೂ, ಹಕ್ಕುಳ್ಳ ಗಂಡಸು ಇರುವತನಕ ವತನ ಸಿಗಕೂಡದೆಂದು ಅದು ಹೇಳಿತು. ಒಂಬೈನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಜಕ್ಕಿಯಬ್ಬೆ ತನ್ನ ಮಗಳಿಗೆ ಒಪ್ಪಿಸಿ ಹೋದ ಅಧಿಕಾರ ಹೊಸ ಕಾಲದ ಕಾಗದದಲ್ಲಿ ಮಗಳ ಕೈಯಿಂದ ಜಾರಿತು. ಹಳೆಯದೆಲ್ಲ ಕತ್ತಲೆ, ಹೊಸದೆಲ್ಲ ಬೆಳಕು ಎನ್ನುವವರು ಇದನ್ನು ಗಮನಿಸಬೇಕು.

ಅದೇ ಕಾಯಿದೆಯ ಇನ್ನೊಂದು ಮುಖ

ವತನ ಎಂದರೆ ಎಲ್ಲರಿಗೂ ಮಾನಪಾನವಲ್ಲ. ಪಾಟೀಲನಿಗೆ ಉಂಬಳಿ ಕೊಟ್ಟ ಕಾಯಿದೆಯ ಅಡಿಯಲ್ಲಿಯೇ ಊರಿನ ಅಸ್ಪೃಶ್ಯ ಜಾತಿಯವರೂ ಕೆಳಗಿನ ವತನದಾರರಾಗಿದ್ದರು. ಅವರಿಗೆ ಇದ್ದದ್ದು ತುಂಡು ಭೂಮಿ ಮತ್ತು ಹಗಲು ರಾತ್ರಿ ಎನ್ನದೆ ಕರೆದಲ್ಲಿಗೆ ಓಡಬೇಕಾದ ಬಿಟ್ಟಿ ಚಾಕರಿ. ಒಬ್ಬರ ವತನ ಗೌರವದ ಹೆಸರಾಗಿ ಉಳಿಯಿತು. ಇನ್ನೊಬ್ಬರ ವತನ ಕಳಚಿಕೊಳ್ಳಬೇಕಾದ ನೊಗವಾಯಿತು. 1925ರಲ್ಲಿ ಬಹಿಷ್ಕೃತ ವರ್ಗಗಳ ಪರಿಷತ್ತಿಗಾಗಿ ನಿಪ್ಪಾಣಿಗೆ ಬಂದಿದ್ದ ಡಾ. ಬಿ.ಆರ್. ಅಂಬೇಡ್ಕರರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಈ 1874ರ ಕಾಯಿದೆಯನ್ನು ತಿದ್ದಲು ಮಸೂದೆ ಮಂಡಿಸಿದರು. ಮಹಾರ ವತನವೆಂಬ ಗುಲಾಮಗಿರಿಯಿಂದ ಜನರನ್ನು ಬಿಡಿಸುವುದು ಅವರ ಉದ್ದೇಶವಾಗಿತ್ತು. ಪಾಟೀಲ ಎಂಬ ಹೆಸರಿನ ಚರಿತ್ರೆಯನ್ನು ಹೇಳುವವರು ಈ ಪುಟವನ್ನು ಹಾರಿಸಿ ಓದುವಂತಿಲ್ಲ.

ಈ ವಿಷಯದಲ್ಲಿ ರಾಯಬಾಗದ ಚರಿತ್ರೆ ನೆರೆಯ ಅಥಣಿ, ಚಿಕ್ಕೋಡಿಗಳಿಗಿಂತ ತುಸು ಬೇರೆ. ಅವೆರಡೂ ಮುಂಬಯಿ ಪ್ರಾಂತದ ಬ್ರಿಟಿಷ್ ಆಡಳಿತದಲ್ಲಿದ್ದಾಗ ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಅಲ್ಲಿಯ ಶಾಹೂ ಮಹಾರಾಜರು 1918ರಲ್ಲಿಯೇ ಕುಲಕರ್ಣಿ ವತನವನ್ನು ರದ್ದುಗೊಳಿಸಿ ಸಂಬಳದ ತಲಾಠಿಗಳನ್ನು ನೇಮಿಸಿದರು. ಅದೇ ವರ್ಷ ಮಹಾರ ವತನಕ್ಕೂ ಕೈಹಾಕಿದರು. ಬ್ರಿಟಿಷ್ ಸೀಮೆಯ ಊರುಗಳಲ್ಲಿ ಪರಗಣೆ ಮತ್ತು ಕುಲಕರ್ಣಿ ವತನಗಳು ಹೋಗಲು 1950ರ ಮುಂಬಯಿ ಕಾನೂನಿನವರೆಗೆ ಕಾಯಬೇಕಾಯಿತು. ಆಗ ದೇಸಾಯಿ, ದೇಶಪಾಂಡೆ, ನಾಡಗೌಡ, ಕುಲಕರ್ಣಿ ಇವೆಲ್ಲ ಹುದ್ದೆಗಳಾಗಿ ಮುಗಿದು ಹೆಸರುಗಳಾಗಿ ಮಾತ್ರ ಉಳಿದವು. ಕೊಲ್ಲಾಪುರ ಸಂಸ್ಥಾನ 1949ರಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು, ರಾಯಬಾಗ ಬೆಳಗಾವಿ ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ಈ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಬಂತು.

ಪಾಟೀಲಕಿ ಇನ್ನೂ ಕೆಲವು ವರ್ಷ ಉಸಿರಾಡಿತು. ಕಂದಾಯ ನೋಡುವವನು ಮುಲ್ಕಿ ಪಾಟೀಲ, ಕಾವಲು ನೋಡುವವನು ಪೊಲೀಸ ಪಾಟೀಲ. ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರುವರಿಯಲ್ಲಿ ಜಾರಿಗೆ ಬಂದಾಗ ಇಬ್ಬರೂ ಹೋದರು. ವತನದ ಭೂಮಿಯನ್ನು ಸರಕಾರ ತನ್ನ ವಶಕ್ಕೆ ತೆಗೆದುಕೊಂಡು, ನಿಗದಿಯಾದ ಹಣ ಕಟ್ಟಿದವರಿಗೆ ಮರುಮಂಜೂರಿ ಮಾಡಿತು. ಮಹಾರಾಷ್ಟ್ರದಲ್ಲಿಯೂ ಅದೇ ಸುಮಾರಿಗೆ ಮುಲ್ಕಿ ಪಾಟೀಲನ ಹುದ್ದೆ ರದ್ದಾಯಿತು. ಆದರೆ ಅಲ್ಲಿ ಪೊಲೀಸ ಪಾಟೀಲ ಉಳಿದ. 1967ರ ಗ್ರಾಮ ಪೊಲೀಸ್ ಕಾಯಿದೆಯ ಪ್ರಕಾರ ಸರಕಾರ ಅವನನ್ನು ಇಂದಿಗೂ ನೇಮಿಸುತ್ತದೆ, ಅದು ವಂಶಪಾರಂಪರ್ಯವಲ್ಲ. ಹೀಗಾಗಿ ಕಾಗವಾಡ ದಾಟಿ ಮಿರಜದ ಕಡೆಗೆ ಹೋದರೆ ಪಾಟೀಲ ಎಂಬ ಅಡ್ಡಹೆಸರಿಲ್ಲದ ಪೊಲೀಸ ಪಾಟೀಲನೂ ಇರಬಹುದು. ಈಚೆಗೆ ಬಂದರೆ ಪಾಟೀಲಕಿಯ ಗಂಧವೇ ಇಲ್ಲದ ಪಾಟೀಲರು ಸಾವಿರಾರು. ಅಲ್ಲಿ ಹೆಸರಿಲ್ಲದೆ ಹುದ್ದೆ ಉಳಿದಿದೆ, ಇಲ್ಲಿ ಹುದ್ದೆಯಿಲ್ಲದೆ ಹೆಸರು ಉಳಿದಿದೆ.

ಹೆಸರು ಹೇಳದ ಸಂಗತಿಗಳು

ಇಷ್ಟೆಲ್ಲ ಹೇಳಿದ ಮೇಲೆ ಪಾಟೀಲ ಎಂಬ ಅಡ್ಡಹೆಸರು ಏನನ್ನು ಹೇಳುವುದಿಲ್ಲ ಎಂಬುದನ್ನೂ ನೋಡಬೇಕು.

ಮೊದಲನೆಯದಾಗಿ ಅದು ಜಾತಿಯನ್ನು ಹೇಳುವುದಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಲಿಂಗಾಯತ ಪಾಟೀಲರಿದ್ದಾರೆ, ಜೈನ ಪಾಟೀಲರಿದ್ದಾರೆ, ಮರಾಠಾ ಪಾಟೀಲರಿದ್ದಾರೆ, ಕುರುಬ ಪಾಟೀಲರಿದ್ದಾರೆ, ಮುಸ್ಲಿಂ ಪಾಟೀಲರೂ ಇದ್ದಾರೆ. ಊರನ್ನು ಕಟ್ಟಿದವರು, ಪಾಳುಬಿದ್ದ ಊರಿಗೆ ಒಕ್ಕಲು ತಂದು ನೆಲೆಗೊಳಿಸಿದವರು, ಆಳುವವರ ನಂಬಿಕೆ ಗಳಿಸಿದವರು ಯಾರಿದ್ದರೋ ಅವರಿಗೆ ಪಾಟೀಲಕಿ ಬಂತು. ಗೌಡ ಶಬ್ದದ ಕಥೆಯೂ ಇಷ್ಟೇ. ದಕ್ಷಿಣದಲ್ಲಿ ಗೌಡ ಎಂದೊಡನೆ ಒಕ್ಕಲಿಗರು ನೆನಪಾಗುತ್ತಾರೆ. ಉತ್ತರ ಕನ್ನಡದಲ್ಲಿ ಹಾಲಕ್ಕಿ ಒಕ್ಕಲಿಗರೂ ಗೌಡರೇ. ಅಲ್ಲಿ ಸಮುದಾಯದ ಗುರುತಾದ ಶಬ್ದ ಇಲ್ಲಿ ಹುದ್ದೆಯ ಗುರುತಾಗಿಯೇ ಉಳಿದಿದೆ.

ಎರಡನೆಯದಾಗಿ ಅದು ಮನೆಮಾತನ್ನು ಹೇಳುವುದಿಲ್ಲ. ಗಡಿಯ ವಾದ ಜೋರಾದಾಗಲೆಲ್ಲ ಹೆಸರುಗಳನ್ನು ಹಿಡಿದು ಜಗ್ಗಾಡುವ ಚಟ ಎರಡೂ ಕಡೆಯವರಿಗಿದೆ. ಪಾಟೀಲ ಮರಾಠಿ ಶಬ್ದ, ಆದ್ದರಿಂದ ಪಾಟೀಲರೆಲ್ಲ ಮರಾಠಿಗರು ಎಂದರೆ, ಕನ್ನಡ ಪತ್ರಿಕೋದ್ಯಮದ ಹಿರಿಯರಾಗಿ ಕನ್ನಡದ ಹೋರಾಟದ ಮುಂಚೂಣಿಯಲ್ಲಿದ್ದ ಪಾಟೀಲ ಪುಟ್ಟಪ್ಪನವರನ್ನೂ, ಗೋಕಾಕ ಚಳವಳಿಯಲ್ಲಿ ದುಡಿದ ಕವಿ ಚಂದ್ರಶೇಖರ ಪಾಟೀಲರನ್ನೂ ಎಲ್ಲಿ ಕೂರಿಸುವುದು? ಗೌಡ ಕನ್ನಡ ಶಬ್ದ, ಆದ್ದರಿಂದ ಆ ಹೆಸರಿನವರೆಲ್ಲ ಕನ್ನಡಿಗರು ಎಂದರೆ ಪಾಯಗೊಂಡರ ಮಗ ಭಾವುರಾವ ಪಾಟೀಲರನ್ನು ಏನೆನ್ನುವುದು? ಭೀಮಗೌಡ ಪಾಟೀಲ ಎಂಬ ಹೆಸರನ್ನು ನಡುವೆ ಸೀಳಿ ಅರ್ಧ ನಮ್ಮದು, ಅರ್ಧ ನಿಮ್ಮದು ಎನ್ನಲು ಬರುವುದಿಲ್ಲ. ಎರಡು ಭಾಷೆಗಳ ಜನ ಒಂದೇ ಚಾವಡಿಯ ಕೆಳಗೆ ಶತಮಾನಗಳ ಕಾಲ ಬಾಳಿದ್ದಕ್ಕೆ ಅದು ಸಾಕ್ಷಿ. ಯಾವ ಊರು ಯಾರಿಗೆ ಸೇರಬೇಕೆಂಬುದಕ್ಕೆ ಪುರಾವೆಯಲ್ಲ.

ಮೂರನೆಯದಾಗಿ ಅದು ಸಿರಿವಂತಿಕೆಯನ್ನೂ ಹೇಳುವುದಿಲ್ಲ. ತಕ್ಷೀಮಿನ ಮೇಲೆ ತಕ್ಷೀಮು ಒಡೆದು, ಉಂಬಳಿ ಭೂಮಿ ತಲೆಮಾರಿನಿಂದ ತಲೆಮಾರಿಗೆ ಹರಿದು ಹಂಚಿಹೋಗಿ, ಇಂದು ಬೇರೆಯವರ ಹೊಲದಲ್ಲಿ ಕೂಲಿಗೆ ಹೋಗುವ ಪಾಟೀಲರೂ ಇದ್ದಾರೆ. ಹೆಸರಿನ ಭಾರವೊಂದೇ ಅವರ ಪಾಲಿಗೆ ಉಳಿದಿರುವುದು. 'ಪಾಟೀಲರ ಮನೆತನ' ಎಂಬ ಮಾತಿಗಾಗಿ ಮದುವೆ, ಜಾತ್ರೆಗಳಲ್ಲಿ ಸಾಲ ಮಾಡಿ ಮಾನ ಉಳಿಸಿಕೊಳ್ಳುವವರನ್ನು ಕಂಡವರಿಗೆ ಈ ಭಾರದ ತೂಕ ಗೊತ್ತು.

ಹಾಗಾದರೆ ಈ ಹೆಸರು ಹೇಳುವುದೇನು? ಯಾವುದೋ ಕಾಲದಲ್ಲಿ ಒಬ್ಬ ಪೂರ್ವಜ ಒಂದು ಊರಿನ ಹೊಣೆ ಹೊತ್ತಿದ್ದ ಎಂಬುದಷ್ಟನ್ನೇ. ಆ ಹೊಣೆಯನ್ನು ಅವನು ನೆಟ್ಟಗೆ ಹೊತ್ತನೋ, ದಬ್ಬಾಳಿಕೆ ಮಾಡಿದನೋ ಹೆಸರಿನಿಂದ ತಿಳಿಯದು. ಅದಕ್ಕೆ ಊರಿನ ನೆನಪನ್ನೇ ಕೇಳಬೇಕು. ಪಾಟೀಲರ ಮನೆಯವರ ನೆನಪನ್ನು ಮಾತ್ರವಲ್ಲ, ಆ ಮನೆಯ ಕಟ್ಟೆಯ ಕೆಳಗೆ ನಿಂತವರ ನೆನಪನ್ನೂ ಕೇಳಬೇಕು.

ಇಂಥ ಅಡ್ಡಹೆಸರುಳ್ಳ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಮೋಡಿಯಲ್ಲಿ ಬರೆದ ಕಾಗದಗಳು ಇನ್ನೂ ಇವೆ. ಮೋಡಿ ಓದಬಲ್ಲವರು ಈ ಭಾಗದಲ್ಲಿ ಬೆರಳೆಣಿಕೆಯಷ್ಟಾಗಿದ್ದಾರೆ. ಗೆದ್ದಲು ಮಾತ್ರ ಲಿಪಿಭೇದ ಮಾಡುವುದಿಲ್ಲ. ಮನೆಯಲ್ಲಿ ಅಂಥ ಕಾಗದವಿದ್ದರೆ ಅದನ್ನು ರದ್ದಿಗೆ ಹಾಕುವ ಮುನ್ನ ಓದಬಲ್ಲವರಿಗೆ ಒಮ್ಮೆ ತೋರಿಸಬೇಕು. ಊರಿನ ಎಲ್ಲೆ, ಕೆರೆ, ಒಕ್ಕಲು, ಜಗಳ, ಬರಗಾಲ ಎಲ್ಲವೂ ಅದರಲ್ಲಿ ಇದ್ದಾವು. ಆ ಕಾಗದ ಒಂದು ಮನೆತನದ ಆಸ್ತಿಯಾಗಿ ಉಳಿದಿರಬಹುದು. ಅದರೊಳಗಿನ ಕಥೆ ಮಾತ್ರ ಇಡೀ ಊರಿನದು.